ಮೆಲ್ಲನ ಗಂಟೆಯ ಮಳೆಗಾಲ

ಬಂಗಾರಪೇಟೆಯಲ್ಲಿ ಹತ್ತಿದ ಮಾರಿಕುಪ್ಪಂ ರೈಲು ಇನ್ನೂ ಊರಿಗಾಂ ಮುಟ್ಟಿರಲಿಲ್ಲ, ಎದುರು ಸೀಟಿನಲ್ಲಿದ್ದವನ ಫೋನು ಹೊಡೆದುಕೊಂಡಿತು. ಗಂಟೆಯ ಮೂರು ಏಟು, ಒಂದು ಉಸಿರಿನಷ್ಟು ತಡೆ, ಮತ್ತೆ ಮೂರು ಏಟು, ಕೊನೆಗೊಂದು ಒಂಟಿ ಏಟು. ಅದರ ಬೆನ್ನಿಗೇ ಧಡಧಡ ತಮಟೆ, ಗಿಟಾರು, ನೂರು ಗಂಡಸರ 'ಹೇಯ್ ಹೇಯ್'. ಆ ಪುಣ್ಯಾತ್ಮ ಕೂಡಲೇ ಎತ್ತಲಿಲ್ಲ. ಚೆನ್ನಾಗಿದೆಯಲ್ಲ, ಇನ್ನಷ್ಟು ಹೊಡೆದುಕೊಳ್ಳಲಿ ಎಂದು ಕೈಯಲ್ಲೇ ಹಿಡಿದು ತಲೆಯಾಡಿಸಿದ. ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಹೊರಗೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ ಆಗಷ್ಟೇ ಮಳೆ ಬಿದ್ದು ನಿಂತಿತ್ತು. ಒದ್ದೆ ಸುಣ್ಣವೋ ತುಕ್ಕೋ ಹೇಳಲಾಗದ, ನಾಲಗೆಯ ಮೇಲೆ ಬಂದು ಕೂರುವ ಆ ಹುಳಿ ವಾಸನೆ ಗಾಳಿಯ ಜೊತೆ ಒಳಗೆ ನುಗ್ಗಿತು. ಮೂರು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಇದೇ ವಾಸನೆಯಲ್ಲಿ ಉಂಡು ಮಲಗಿದ್ದೆ.

ಆ ಗಂಟೆಯನ್ನು ಲೋಕಕ್ಕೆ ಹಂಚಿದವನು ನಾನೇ. ನನ್ನ ಹೆಸರು ಶ್ರೀನಿವಾಸ, ಊರು ಕ್ಯಾಸಂಬಳ್ಳಿ. ಮನೆಯಲ್ಲಿ ಇಂದಿಗೂ ಡೇರಿಗೆ ಹಾಲು ಹಾಕುತ್ತಾರೆ. ನಾನು ಮಾತ್ರ ಹದಿನೈದು ವರ್ಷ ಸಿನಿಮಾದ ಸದ್ದಿಗೆ ದುಡಿದೆ, ಅದೂ ಚೌಡಪ್ಪಣ್ಣನ ಕೈಕೆಳಗೆ.

ಚೌಡಪ್ಪಣ್ಣ ಯಾರೆಂದು ಹೇಳಬೇಕು, ಏಕೆಂದರೆ ಸಿನಿಮಾ ನೋಡುವವರಿಗೆ ಕಣ್ಣಿರುತ್ತದೆಯೇ ಹೊರತು ಕಿವಿಯ ಋಣ ನೆನಪಿರುವುದಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕಾರ್ಮಿಕರೊಬ್ಬರ ಮಗ. ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಬಂಗಾರಪೇಟೆಯ ಟಾಕೀಸೊಂದರಲ್ಲಿ ರೀಲು ಸುತ್ತುವ ಕೆಲಸಕ್ಕೆ ಸೇರಿದವರು, ಪರದೆಯ ಹಿಂದಿನ ಹರಿದ ಸ್ಪೀಕರನ್ನು ತಾವೇ ಬಿಚ್ಚಿ, ಕಾಗದ ಅಂಟಿಸಿ ಮಾತಾಡುವಂತೆ ಮಾಡಿದರು. ಅಲ್ಲಿಂದ ಬೆಂಗಳೂರಿನ ಸ್ಟುಡಿಯೋ. ಆಗ ನಮ್ಮ ಸಿನಿಮಾಗಳಲ್ಲಿ ಮಾತೆಲ್ಲ ಮುಚ್ಚಿದ ಕೋಣೆಯಲ್ಲಿ ಹೇಳಿ ಅಂಟಿಸಿದ್ದು. ಹಳ್ಳಿ ತೋರಿಸಿದರೆ ಒಂದು ಕಾಗೆ. ಅದೇ ಕಾಗೆ ಎಲ್ಲ ಪಿಕ್ಚರಿನಲ್ಲೂ. "ಪಾಪ, ಇಪ್ಪತ್ತು ವರ್ಷ ದುಡಿದೈತೆ, ಅದಕ್ಕೊಂದು ಪಿಂಚಣಿ ಕೊಡ್ರಯ್ಯಾ," ಎನ್ನುತ್ತಿದ್ದರು ಅಣ್ಣ. ಮೈಕನ್ನು ಹೊತ್ತು ಬಯಲಿಗೆ ಹೋದವರು ಅವರು. ಗಾಳಿ ಬಡಿಯದಂತೆ ಮೈಕಿಗೆ ಕುರುಬರ ಕಂಬಳಿ ಕತ್ತರಿಸಿ ಹೊಲಿದರು. ನಟಿ ಅಳುವಾಗ ಬಂದ ಸಿಂಬಳದ ಸದ್ದನ್ನೂ ಬಿಡದೆ ಹಿಡಿದರು. ನಿರ್ದೇಶಕರು ಎಗರಾಡಿದರು, ಜನ ಮಾತ್ರ ಅತ್ತರು. ಥಿಯೇಟರಿನ ನಾಲ್ಕೂ ಗೋಡೆಗೆ ಸ್ಪೀಕರು ಬಂದ ಕಾಲದಲ್ಲಿ ಉಳಿದವರೆಲ್ಲ ಪ್ರೇಕ್ಷಕರ ತಲೆಯ ಮೇಲೆ ಗುಂಡು ಹಾರಿಸುತ್ತಿದ್ದರೆ, ಇವರು ಹಿಂದಿನ ಗೋಡೆಯಲ್ಲಿ ಒಬ್ಬ ತಾಯಿ ಪಾತ್ರೆ ತೊಳೆಯುವ ಸದ್ದನ್ನಷ್ಟೇ ಇಟ್ಟರು. ಥಿಯೇಟರಿಗೆ ಥಿಯೇಟರೇ ಹಿಂದಿರುಗಿ ನೋಡಿತು. ಪಿಕ್ಚರ್ ಬಿಡುಗಡೆಯಾದ ವಾರ ಬಸ್ಸಿನಲ್ಲಿ ಚಿಂತಾಮಣಿ, ಮುಳಬಾಗಿಲು ಎಂದು ಸುತ್ತಿ, ಕೊನೆಯ ಸಾಲಿನಲ್ಲಿ ಕೂತು ಕೇಳಿ, ಆಪರೇಟರನ ಕೋಣೆಗೆ ಹೋಗಿ ಕೈಮುಗಿದು ಸದ್ದು ಸರಿಮಾಡಿಸಿ ಬರುತ್ತಿದ್ದರು. ಇವತ್ತು ಕನ್ನಡ ಪರದೆಯ ಮೇಲೆ ಮಳೆ ಬಂದರೆ ಯಾವ ಊರಿನ ಮಳೆ ಎಂದು ಕಿವಿಗೆ ಗೊತ್ತಾಗುತ್ತದಲ್ಲ, ಅದರಲ್ಲಿ ಅವರ ಪಾಲು ದೊಡ್ಡದು.

ಅವರ ಕೊನೆಯ ಸಿನಿಮಾ ಗಣಿಯ ಕಥೆ. ದೊಡ್ಡ ನಿರ್ಮಾಪಕ, ದೊಡ್ಡ ಹೀರೋ. ಹೀರೋನ ಅಪ್ಪ ಗಣಿಯಲ್ಲಿ ಸಾಯುತ್ತಾನೆ, ಮಗ ಇಡೀ ಕೆಜಿಎಫ್ ಅನ್ನು ನಡುಗಿಸುತ್ತಾನೆ. ಕಥೆ ಕೇಳಿದಾಗಲೇ ನನಗೆ ಆಕಳಿಕೆ ಬಂದಿತ್ತು. ಅಣ್ಣ ಒಪ್ಪಿಕೊಂಡದ್ದು ಅಪ್ಪ ಸಾಯುವ ಆ ಒಂದು ದೃಶ್ಯಕ್ಕೆ. "ನಮ್ಮೂರಿನ ಸದ್ದನ್ನ ಯಾರೂ ಇಡೀಲಿಲ್ಲ ಸೀನ. ನಾನೇ ಇಡಿದು ಇಟ್ಟೋಗ್ತೀನಿ. ಆಮೇಲೆ ಸಾಕು," ಎಂದರು. ಅರವತ್ತೆಂಟು ದಾಟಿತ್ತು, ಎಡಗಿವಿ ಮಂದವಾಗುತ್ತಿತ್ತು. ಅದನ್ನು ನನಗೊಬ್ಬನಿಗೆ ಮಾತ್ರ ಹೇಳಿದ್ದರು.

ಹಾಗೆ ಆ ಮಳೆಗಾಲ ನಾವಿಬ್ಬರೂ ಚಾಂಪಿಯನ್ ರೀಫ್ಸಿಗೆ ಬಂದು ಅವರ ಅಕ್ಕ ಪಾಪಮ್ಮನ ಮನೆಯಲ್ಲಿ ಇಳಿದುಕೊಂಡೆವು. ಗಣಿಯವರಿಗೆಂದು ಕಟ್ಟಿದ ಸಾಲುಮನೆ, ತಲೆ ಬಗ್ಗಿಸಿ ಒಳಗೆ ಹೋಗುವಷ್ಟು ಬಾಗಿಲು, ಮೇಲೆ ತಗಡು. ಚಿತ್ರತಂಡ ಬೆಂಗಳೂರಿನ ಹೊರಗೆ ಪ್ಲೈವುಡ್ಡಿನಲ್ಲಿ ಗಣಿ ಕಟ್ಟಿ ಥರ್ಮಾಕೋಲಿಗೆ ಕಪ್ಪು ಬಳಿಯುತ್ತಿತ್ತು. ನಾವು ಇಲ್ಲಿ ತುಕ್ಕು ಹಿಡಿದ ಹಳಿ, ತಗಡಿನ ಮೇಲೆ ಬೀಳುವ ಮಳೆ, ಮುಚ್ಚಿದ ಶಾಫ್ಟಿನ, ಎಂದರೆ ಗಣಿಗಿಳಿಯುವ ಬಾವಿಯ, ಬಾಯಿಯಲ್ಲಿ ಸುತ್ತುವ ಗಾಳಿ ಹಿಡಿಯುತ್ತಿದ್ದೆವು. ಎಲ್ಲೇ ಹೋದರೂ ಮೊದಲು ಒಂದು ನಿಮಿಷ ಬರಿಯ ಮೌನ ಹಿಡಿಯುವುದು ಅಣ್ಣನ ಪದ್ಧತಿ. "ಪ್ರತಿ ಜಾಗದ ಸುಮ್ಕಿರೋದು ಬೇರೆ ಬೇರೆ ಕಣ್ಲಾ," ಎನ್ನುತ್ತಿದ್ದರು. ಎರಡು ವಾರ ಸುಖವಾಗಿದ್ದೆ. ಪಾಪಮ್ಮ ಬೆಳಿಗ್ಗೆ ರಾಗಿ ಅಂಬಲಿ, ಸಂಜೆ ಕಡಲೆಕಾಯಿ ಕೊಟ್ಟು, ಮಳೆ ನಿಂತರೆ, "ಇನ್ನೇನ್ ಇಡೀತೀರ, ನನ್ ಗೊರಕೆ ಇಡ್ಕಳಿ," ಎಂದು ನಗುತ್ತಿದ್ದರು.

ಇನ್ನು ಹಿಡಿಯಲು ಉಳಿದದ್ದು ಮೆಲ್ಲನ ಗಂಟೆ. ಅದೇನೆಂದು ನನಗೂ ಆಗಲೇ ತಿಳಿದದ್ದು. ಆಳುಗಳನ್ನು ಗಣಿಯೊಳಗೆ ಇಳಿಸಿ ಹತ್ತಿಸುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಾರೆ. ಇಳಿಸು, ನಿಲ್ಲಿಸು, ಎತ್ತು, ಎಲ್ಲಕ್ಕೂ ಗಂಟೆಯ ಏಟಿನಲ್ಲೇ ಲೆಕ್ಕ. ಒಳಗೆ ಬಂಡೆ ಸಿಡಿದು ಆಳು ಸತ್ತರೆ, ಹೆಣ ಬರುತ್ತಿದೆ, ಅಲುಗಾಡಿಸದೆ ನಿಧಾನಕ್ಕೆ ಎತ್ತು ಎಂದು ಕೇಜು ಎಳೆಯುವ ಇಂಜಿನಿನವನಿಗೆ ತಿಳಿಸಲು ಬೇರೆಯೇ ಲೆಕ್ಕದ ಗಂಟೆ ಹೊಡೆಯುತ್ತಿದ್ದರು. ಸಾಲುಮನೆಯವರು ಅದಕ್ಕೆ ಮೆಲ್ಲನ ಗಂಟೆ ಎನ್ನುತ್ತಿದ್ದರು. ಅದು ಕೇಳಿದರೆ ಕೂತವರು ಏಳಬೇಕು. ಉಣ್ಣುವವರು ತಟ್ಟೆ ಬಿಟ್ಟು ಏಳಬೇಕು. ಕೇಜು ಮೇಲೆ ಬಂದು ಗಂಟೆ ನಿಲ್ಲುವವರೆಗೆ ಯಾರೂ ಕೂರುವಂತಿಲ್ಲ. ಬರುತ್ತಿರುವವನು ಯಾರ ಮನೆಯವನು ಎಂದು ಗೊತ್ತಿಲ್ಲವಲ್ಲ, ಆದ್ದರಿಂದ ಎಲ್ಲರ ಮನೆಯವನೂ ಆಗಿರುತ್ತಾನೆ. ಪಾಪಮ್ಮನ ಗಂಡ ಹಾಗೆ ಮೇಲೆ ಬಂದಾಗ ಆಕೆ ರೊಟ್ಟಿ ತಟ್ಟುತ್ತಿದ್ದರಂತೆ.

ಗಂಟೆ ಹೊಡೆಯುತ್ತಿದ್ದ ಆರುಮುಗಂ ಅದೇ ಸಾಲಿನ ಕೊನೆಯ ಮನೆಯಲ್ಲಿದ್ದರು. ಗಣಿ ಮುಚ್ಚಿದ ದಿನ ಆ ಗಂಟೆಯನ್ನು ಗೋಣಿಯಲ್ಲಿ ಸುತ್ತಿ ಮಂಚದ ಕೆಳಗಿಟ್ಟವರು ಮತ್ತೆ ಮುಟ್ಟಿರಲಿಲ್ಲ. ಅಣ್ಣ ಕೇಳಿದಾಗ, "ವೇಂಡಾಂ ತಂಬಿ, ಬೇಡ. ಸುಮ್ನೆ ವಡಿಯೋ ಗಂಟೆ ಅಲ್ಲ ಅದು. ಪಾಪಮ್ಮ ಒಪ್ಪಿದ್ರೆ ನೋಡಣ," ಎಂದರು.

ಆ ರಾತ್ರಿಯೇ ಅಣ್ಣ ಪಾಪಮ್ಮನನ್ನು ಕೇಳಿದರು. ಮರುದಿನ ಆಕೆ ಒಲೆಯ ಮುಂದೆ ಕೂತೇ ತಿರುಗಿ ಕೇಳಿದರು.

"ಯಾತಕ್ಲಾ ಬೇಕು ನಿಂಗೆ?"

"ಪಿಚ್ಚರ್ನಾಗೆ ಒಬ್ಬ ಸತ್ತೋಯ್ತಾನಕ್ಕ. ಅವ್ನು ಮೇಲಕ್ ಬರೋವಾಗ ಬೇಕು. ನಮ್ ಬಾವ ಎಂಗ್ ಬಂದ ಅಂತ ಲೋಕ ಒಂದ್ಸಲ ಕೇಳ್ಲಿ."

"ಒಂದೇ ಸಲ?"

"ಒಂದೇ ಸಲ. ಬೇರೆಲ್ಲೂ ಆಕಲ್ಲ. ನಿನ್ನಾಣೆ."

"ಆಣೆ ಗೀಣೆ ಬ್ಯಾಡ. ಆಗ್ಲಿ, ವಡಿಸ್ಕ."

ಮಾರನೆಯ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಆರುಮುಗಂ ಮನೆಯ ಮುಂದಿನ ಬೇವಿನ ಕೊಂಬೆಗೆ ಗಂಟೆ ಕಟ್ಟಿದೆವು. ಸಾಲಿನವರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆವು, ಸಿನಿಮಾಕ್ಕೆ ಹೊಡೆಯುತ್ತೇವೆ, ಗಾಬರಿಯಾಗಬೇಡಿ ಎಂದು. ಒಂದು ನಿಮಿಷ ಮೌನ ಹಿಡಿದೆವು. ಆರುಮುಗಂ ಚಪ್ಪಲಿ ಬಿಟ್ಟು ಮುಂದೆ ಬಂದು ಹೊಡೆದರು. ಮೂರು. ತಡೆ. ಮೂರು. ಒಂದು.

ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಗಂಟೆಯ ಕೊನೆಯ ಕಂಪನ ಕರಗುವಾಗ ಬೇರೊಂದು ಸದ್ದು ಬಂತು. ಎಲ್ಲೋ ತಟ್ಟೆ ಕೆಳಗಿಟ್ಟದ್ದು. ಹಗ್ಗದ ಮಂಚ ಕಿರುಗುಟ್ಟಿದ್ದು. ಒಂದರ ಹಿಂದೊಂದು ಬಾಗಿಲು. ತಿರುಗಿ ನೋಡಿದೆ. ಸಾಲಿನ ಮುದುಕರು, ಮುದುಕಿಯರು ತಮ್ಮ ತಮ್ಮ ಬಾಗಿಲಲ್ಲಿ ಎದ್ದು ನಿಂತಿದ್ದರು. ಒಬ್ಬರು ಅರ್ಧ ಗಡ್ಡಕ್ಕೆ ಸೋಪು ಮೆತ್ತಿಕೊಂಡೇ ನಿಂತಿದ್ದರು. ಹೇಳಿದ್ದೆವಲ್ಲ, ಸಿನಿಮಾಕ್ಕೆ ಎಂದು? ಗೊತ್ತಿದ್ದೂ ಎದ್ದಿದ್ದರು. ಚೌಡಪ್ಪಣ್ಣ ಎಲೆಕ್ಟ್ರಿಕ್ ಕಂಬಕ್ಕೆ ಒರಗಿ, ಮಷೀನಿನ ಕಡೆ ಬೆನ್ನು ಮಾಡಿ ಅಳುತ್ತಿದ್ದರು. ಆ ಹದಿನೈದು ವರ್ಷದಲ್ಲಿ ನಾನು ಹಿಡಿದ ಒಳ್ಳೆಯ ಸದ್ದು ಯಾವುದು ಎಂದರೆ ಅದೇ, ಗಂಟೆಯಲ್ಲ, ಗಂಟೆಯ ನಂತರ ಒಂದು ಬೀದಿ ಎದ್ದು ನಿಂತ ಸದ್ದು. ಯಾವ ಸದ್ದು ಎಲ್ಲಿಗೆ ಎಂದು ಗುರುತಿಡುವ ಹಾಳೆಯಲ್ಲಿ ಅಣ್ಣ ಹೇಳಿದಂತೆ ಬರೆದೆ: ಅಪ್ಪನ ಸಾವಿನ ದೃಶ್ಯಕ್ಕೆ ಮಾತ್ರ. ಬೇರೆಡೆ ಬಳಸಕೂಡದು. ಬರೆದ ಕೈ ಇದೇ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಹೇಸಿಗೆ. ಆದರೂ ಬರೆಯುತ್ತೇನೆ, ಹೇಸಿಗೆ ಮಾಡಿದವನೇ ಬಳಿಯಬೇಕು.

ಬೆಂಗಳೂರಿಗೆ ಹಿಂದಿರುಗಿ ಸದ್ದುಗಳನ್ನೆಲ್ಲ ಜೋಡಿಸುವ ಕೆಲಸ ಶುರುವಾದ ವಾರದಲ್ಲೇ ಅಣ್ಣ ಎಡಗಿವಿ ಕೀವುಗಟ್ಟಿ ಮೂರು ವಾರ ಆಸ್ಪತ್ರೆ ಸೇರಿದರು. ನಿರ್ದೇಶಕ ಸ್ಟುಡಿಯೋಕ್ಕೆ ಬಂದ. ಜೊತೆಗೆ ಸಂಗೀತದವನು. ಸಾವಿನ ದೃಶ್ಯ ನೋಡುತ್ತಾ ಇಬ್ಬರೂ ಕೈಯಲ್ಲಿದ್ದ ಫೋನು ಕೆಳಗಿಟ್ಟರು. ಮನುಷ್ಯರೇ ಇರಬೇಕು ಎಂದುಕೊಂಡೆ. ಆಮೇಲೆ ಸಂಗೀತದವನು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದ. ಮೂರು, ತಡೆ, ಮೂರು, ಒಂದು. "ಸಖತ್ ಬೀಟ್ ಗುರೂ! ಹೀರೋ ಎಂಟ್ರಿಗೆ ಇದೇ!"

ಇದು ಹಾಗೆಲ್ಲ ಬಳಸುವುದಲ್ಲ ಎಂದೆ. ಹೇಳಿದೆ ಎನ್ನುವುದಷ್ಟೇ ನನ್ನ ಪಾಲಿನ ಪುಣ್ಯ. ನಿರ್ದೇಶಕ ನನ್ನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದ. ಕೈಯಿಂದ ಸೆಂಟಿನ ವಾಸನೆ ಬರುತ್ತಿತ್ತು. "ಚೌಡಪ್ಪನವರದ್ದು ಆಯಿತು ಸೀನಣ್ಣ. ಪಾಪ, ಕಿವಿಯೂ ಹೋಯಿತು. ಮುಂದಿನ ಪಿಕ್ಚರಿಗೆ ಸೌಂಡು ನಿಮ್ಮದೇ, ಪರದೆ ಮೇಲೆ ನಿಮ್ಮೊಬ್ಬರದೇ ಹೆಸರು. ಸುಮ್ಮನೆ ಟ್ರೈ ಮಾಡಿ ನೋಡುವುದಕ್ಕೆ ಒಂದು ಫೈಲು ಕೊಡಿ, ಅಷ್ಟೇ."

ಕಿವಿ ಮಂದವಾದ ವಿಷಯ ಅವನಿಗೆ ಹೇಗೆ ಗೊತ್ತಾಯಿತು? ನಾನೇ ಹೇಳಿದ್ದೆ, ಹಿಂದಿನ ದಿನ ಟೀ ಕುಡಿಯುವಾಗ, ಕನಿಕರದ ಮುಖ ಮಾಡಿಕೊಂಡು. ಫೈಲು ಕೊಟ್ಟೆ. ಅವರು ಮೊದಲು ಕತ್ತರಿಸಿ ಎಸೆದದ್ದು ಗಂಟೆಯ ನಂತರ ಜನ ಎದ್ದ ಸದ್ದನ್ನು. ಗಲೀಜು ಎಂದರು. ಉಳಿದ ಗಂಟೆಗೆ ತಮಟೆ ಕಟ್ಟಿ, ಸುತ್ತಿ ಸುತ್ತಿ ಬರುವಂತೆ ಮಾಡಿ, ಹೀರೋ ಬೆಂಕಿಯ ನಡುವಿನಿಂದ ನಡೆದು ಬರುವ ಹಾಡಿನ ಉದ್ದಕ್ಕೂ ಮೆತ್ತಿದರು. ಅಣ್ಣ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಟ್ರೇಲರು ಹೊರಬಿದ್ದು ಊರೆಲ್ಲ ಕುಣಿಯುತ್ತಿತ್ತು.

ಅಣ್ಣ ಯಾರಿಗೂ ಬಯ್ಯಲಿಲ್ಲ. ತೆಗೆಯಿರಿ ಎಂದು ಕೇಳಿಕೊಂಡರು. ಹಿಟ್ ಆಗಿರುವುದನ್ನು ಯಾರಾದರೂ ತೆಗೆಯುತ್ತಾರಾ ಯಜಮಾನರೇ ಎಂದು ನಿರ್ಮಾಪಕ ನಕ್ಕ. ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದರು. ಅದನ್ನೂ ತೆಗೆಯಲಿಲ್ಲ, ಆ ಹೆಸರಿಗೆ ಬೆಲೆಯಿತ್ತಲ್ಲ. ನನ್ನ ಕಡೆಗೆ ತಿರುಗಿದರು. ನಾನು ವೈರು ಸುತ್ತುತ್ತಾ ಕೂತಿದ್ದೆ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಾ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಆಳೇನಾಗೆ ಬರೆದಿದ್ಯಲ್ಲ ಸೀನ, ಬೇರೆಲ್ಲೂ ಬ್ಯಾಡ ಅಂತ?"

"ಬರೆದಿದ್ದೆ ಅಣ್ಣ."

"ಬರೆದಿದ್ದೆ," ಎಂದು ಅವರೂ ಹೇಳಿ ಕಂಬಳಿ ಸುತ್ತಿದ ತಮ್ಮ ಮೈಕನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಬಿಡುಗಡೆಯ ವಾರ ಬಂಗಾರಪೇಟೆಯ ಥಿಯೇಟರಿನಲ್ಲಿ ಪ್ರಚಾರದವರು ಒಂದು ಏರ್ಪಾಡು ಮಾಡಿದರು. ನಿಜವಾದ ಗಣಿಯ ಕುಟುಂಬಗಳಿಗೆ ವಿಶೇಷ ಪ್ರದರ್ಶನ, ಮಧ್ಯಾಹ್ನದ ಆಟ. ಚಾಂಪಿಯನ್ ರೀಫ್ಸಿನ ಮುದುಕರನ್ನು ಬಸ್ಸಿನಲ್ಲಿ ತಂದು, ಕೈಗೆ ಗುಲಾಬಿ ಕೊಟ್ಟು, ನಡುವಿನ ಎರಡು ಸಾಲುಗಳಲ್ಲಿ ಕೂರಿಸಿದರು. ಸುತ್ತ ಅಭಿಮಾನಿಗಳು. ಪರದೆಯ ಪಕ್ಕದಲ್ಲಿ ಮುದುಕರ ಮುಖಕ್ಕೆ ಕ್ಯಾಮೆರಾ. ಪಾಪಮ್ಮ ಹೊಸ ಸೀರೆ ಉಟ್ಟು, ಆರುಮುಗಂ ಪಕ್ಕದಲ್ಲಿ ಕೂತಿದ್ದರು. ತಮ್ಮನ ಕೊನೆಯ ಪಿಕ್ಚರು ಎಂಬ ಸಂಭ್ರಮ. ಟ್ರೇಲರ್ ಗೀಲರ್ ನೋಡುವ ಫೋನು ಆಕೆಗಿರಲಿಲ್ಲ. ಗಂಟೆಯ ವಿಷಯ ಆಕೆಗೆ ಹೇಳುವ ಧೈರ್ಯ ಅಣ್ಣನಿಗೆ ಬಂದಿರಲಿಲ್ಲ. ಅವರು ಎಂದಿನಂತೆ ಕೊನೆಯ ಸಾಲಿನಲ್ಲಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ.

ಹೀರೋ ಬಂದ. ಗಂಟೆ ಹೊಡೆಯಿತು.

ಮೊದಲು ಎದ್ದದ್ದು ಪಾಪಮ್ಮ. ಆಮೇಲೆ ಆರುಮುಗಂ, ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು. ಆಮೇಲೆ ಒಬ್ಬೊಬ್ಬರಾಗಿ ಆ ಎರಡು ಸಾಲೂ ಎದ್ದು ನಿಂತವು. ಅಭಿಮಾನಿಗಳು ಇದನ್ನು ಕಂಡು ಹುಚ್ಚೆದ್ದು ಹೋದರು. ಶಿಳ್ಳೆ, ಹರಿದ ಕಾಗದ, ಕುರ್ಚಿ ಹತ್ತಿ ಕುಣಿತ. ಗಂಟೆ ಮತ್ತೆ ಹೊಡೆಯಿತು, ಮತ್ತೆ ಹೊಡೆಯಿತು. ಗಂಟೆ ನಿಲ್ಲುವವರೆಗೆ ಕೂರುವಂತಿಲ್ಲವಲ್ಲ, ಹಾಡು ಮುಗಿಯುವವರೆಗೂ ಆ ಮುದಿಜೀವಗಳು ಕಾಗದದ ಚೂರು ತಲೆಯ ಮೇಲೆ ಬೀಳಿಸಿಕೊಂಡು ನಿಂತೇ ಇದ್ದವು. ಪಾಪಮ್ಮ ಪರದೆ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಹೊರಗಿನ ಬಾಗಿಲ ಕಡೆ ನೋಡುತ್ತಿದ್ದರು. ಹೆಣ ಬರುವುದು ಬಾಗಿಲಿಂದ ತಾನೆ? ಆ ಬಾಗಿಲಲ್ಲಿ ನಾನಿದ್ದೆ. ಹಿಂದಿನ ಸಾಲಿನಲ್ಲಿ ಅಣ್ಣನೂ ಎದ್ದು ನಿಂತಿದ್ದರು.

ಆಟ ಮುಗಿದು ಹೊರಗೆ ಬಂದಾಗ ಪಾಪಮ್ಮ ತಮ್ಮನ ತೋಳು ಹಿಡಿದು ಕೇಳಿದರು.

"ಯಾರ್ದ್ಲಾ ಅದು? ಅಷ್ಟೊಂದ್ ಸಲ ವಡೀತಲ್ಲ, ಯಾರ್ಯಾರ್ ಬಂದ್ರು?"

"ಯಾರೂ ಇಲ್ಲಕ್ಕ. ಆಟಕ್ಕೆ ವಡ್ದವ್ರೆ."

"ಒಂದೇ ಸಲ ಅಂದಿದ್ಯಲ್ಲೋ ನೀನು."

ಅಣ್ಣ ನನ್ನ ಹೆಸರು ಹೇಳಬಹುದಿತ್ತು. ನಾನು ಮೂರು ಮಾರು ದೂರದಲ್ಲೇ ಇದ್ದೆ. ಹೇಳಲಿಲ್ಲ. "ತಪ್ಪಾಯ್ತಕ್ಕ," ಎಂದು ಆಕೆಯ ತಲೆಯ ಮೇಲಿನ ಕಾಗದದ ಚೂರುಗಳನ್ನು ಒಂದೊಂದಾಗಿ ತೆಗೆದು, ಬಸ್ಸು ಹತ್ತಿಸಿ, ತಾವೂ ಹತ್ತಿದರು. ಮತ್ತೆ ಬೆಂಗಳೂರಿಗೆ ಬರಲೇ ಇಲ್ಲ.

ಆ ಎರಡು ಸಾಲು ಎದ್ದು ನಿಂತ ವಿಡಿಯೋವನ್ನು ಪ್ರಚಾರದವರು ಸಂಜೆಯೊಳಗೆ ಬಿಟ್ಟರು: ನಮ್ಮ ಹೀರೋಗೆ ಗಣಿ ಕಾರ್ಮಿಕರು ಎದ್ದು ನಿಂತು ಗೌರವ! ಜನ ಕೈಮುಗಿಯುವ ಚಿತ್ರ ಹಾಕಿ ಹಂಚಿಕೊಂಡರು. ವರ್ಷದ ಕೊನೆಗೆ ಧ್ವನಿಗೊಂದು ಪ್ರಶಸ್ತಿಯೂ ಬಂತು. ಅಣ್ಣ ಬರಲಿಲ್ಲ. ಅವರ ಪರವಾಗಿ ವೇದಿಕೆ ಹತ್ತಿ, ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡವನು ಯಾರು ಎಂದು ಕೇಳಬೇಡಿ. ಹಿನ್ನೆಲೆಯಲ್ಲಿ ಅದೇ ಗಂಟೆ ಹಾಕಿದ್ದರು. ಮುಂದಿನ ಪಿಕ್ಚರೂ ನನಗೆ ಸಿಕ್ಕಿತು, ಪರದೆಯ ಮೇಲೆ ನನ್ನೊಬ್ಬನದೇ ಹೆಸರೂ ಬಂತು. ನೋಡಿ ಎದೆಯುಬ್ಬಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ.

ಆರುಮುಗಂ ತೀರಿಹೋದರೆಂದು ಕ್ಯಾಸಂಬಳ್ಳಿಯಿಂದ ತಂಗಿ ಫೋನು ಮಾಡಿದಳು. ಅದಕ್ಕೇ ಈ ಸಲ ರೈಲು ಹತ್ತಿದ್ದು. ಚೀಲದಲ್ಲಿ ಒಂದು ಹಾರ್ಡ್ ಡಿಸ್ಕಿತ್ತು. ಅದರಲ್ಲಿ ಬೇವಿನ ಮರದ ಕೆಳಗಿನ ಆ ಬೆಳಿಗ್ಗೆ, ಕತ್ತರಿ ಬೀಳದೆ, ಪೂರ್ತಿ. ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ನಡೆದೆ.

ಚೌಡಪ್ಪಣ್ಣ ಬಾಗಿಲ ಮುಂದೆ ಕಡಲೆಕಾಯಿ ಬಿಡಿಸುತ್ತಿದ್ದರು. ಪಾಪಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಾಪಮ್ಮ ಒಳಗೆ ಹೋಗಿ ಕಾಫಿ ತಂದು ಮುಂದಿಟ್ಟು ಮತ್ತೆ ಮೊರ ಹಿಡಿದರು. ನಾನು ಕೂತು ಡಿಸ್ಕನ್ನು ಅಣ್ಣನ ಮುಂದಿಟ್ಟು, "ತಪ್ಪಾಯಿತು," ಎಂದೆ. ಅವರು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. ತಪ್ಪನ್ನು ಕೂಗಿ ಹೇಳುವುದು ಎಂಥ ಕಷ್ಟ ಎಂದು ಆಗ ಗೊತ್ತಾಯಿತು.

"ಪೂರ್ತಿ ಐತಾ?" ಎಂದರು.

"ಐತೆ ಅಣ್ಣ. ಎಲ್ಲರೂ ಎದ್ದಿದ್ದು, ಬಾಗಿಲು, ಎಲ್ಲಾ."

ಡಿಸ್ಕನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಮತ್ತೆ ಕಡಲೆಕಾಯಿಗೆ ಕೈ ಹಾಕಿದರು. ಪಾಪಮ್ಮನೇ ಮಾತು ತೆಗೆದರು.

"ಆರ್ಮುಗಂನ ಎತ್ತೋವಾಗ ಗಂಟೆ ವಡಿಯಾಣ ಅಂತ ಮಂಚದ ಕೆಳಗಿಂದ ತಗದ್ವಪ್ಪ. ಅವ್ನೇ ಅಲ್ವಾ ಎಲ್ರಿಗೂ ವಡ್ದೋನು. ಎರಡೇಟು ಬಿದ್ದಿಲ್ಲ, ಬೀದಿ ಐಕ್ಳೆಲ್ಲಾ ಕುಣ್ಕಂಡ್ ಬಂದ್ವು. ಅವುಕ್ಕೇನ್ ಗೊತ್ತು ಪಾಪ. ನಿಲ್ಸಿ ಸುಮ್ಕೆ ತಗಂಡೋದ್ವಿ."

ನಾನು ಕಾಫಿ ಲೋಟ ಎತ್ತಿದೆ. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಒಂದು ಆಟೋ ಬಂತು, ಹಿಂದೆ ಎರಡು ದೊಡ್ಡ ಸ್ಪೀಕರು. ಮೂರು ಏಟು. ತಡೆ. ಮೂರು ಏಟು. ಒಂದು. ನನ್ನ ಕಾಲು ತಾನಾಗಿ ಎದ್ದು ನಿಂತಿತು. ಬೀದಿಯುದ್ದ ನೋಡಿದೆ. ಜಗಲಿಯ ಮೇಲೆ ಕೂತ ಮುದುಕರು ಕೂತೇ ಇದ್ದರು. ಎದುರು ಮನೆಯ ಮುದುಕಿ ಎಲೆಗೆ ಸುಣ್ಣ ಸವರುತ್ತಿದ್ದಳು. ಚೌಡಪ್ಪಣ್ಣ ಕಡಲೆಕಾಯಿ ಬಿಡಿಸುತ್ತಲೇ ಇದ್ದರು. ಪಾಪಮ್ಮ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದು ತಲೆಯೆತ್ತಿದರು.

"ಕೂತ್ಕಳಪ್ಪಾ," ಎಂದರು. "ದಿನಾ ವಡೀತದೆ. ಎಷ್ಟ್ ಸಲ ಅಂತ ಏಳ್ತೀಯ? ಕಾಪಿ ಆರೋಯ್ತದೆ, ಕುಡಿ."